ಚೆಂಡು ಬಿಟ್ಟುಕೊಟ್ಟು ಗೆಲ್ಲುವ ಲೆಕ್ಕ: ಅಂತರರಾಷ್ಟ್ರೀಯ ಫುಟ್‌ಬಾಲ್‌ನಲ್ಲಿ ರಕ್ಷಣೆ ಮತ್ತು ಪ್ರತಿದಾಳಿ

2022ರ ಡಿಸೆಂಬರ್ 6ರಂದು ಕತಾರ್‌ನ ಎಜುಕೇಷನ್ ಸಿಟಿ ಕ್ರೀಡಾಂಗಣದಲ್ಲಿ ಸ್ಪೇನ್ ಮತ್ತು ಮೊರಾಕ್ಕೊ ತಂಡಗಳು ವಿಶ್ವಕಪ್ಪಿನ ಹದಿನಾರರ ಘಟ್ಟದಲ್ಲಿ ಎದುರಾದವು. ಹೆಚ್ಚುವರಿ ಅವಧಿಯೂ ಸೇರಿ ನಡೆದ 120 ನಿಮಿಷಗಳ ಆಟದಲ್ಲಿ ಸ್ಪೇನ್ ಆಟಗಾರರು ಸಾವಿರಕ್ಕೂ ಹೆಚ್ಚು ಪಾಸ್‌ಗಳನ್ನು ಮಾಡಿದರು. ಆಟದ ಮುಕ್ಕಾಲು ಪಾಲಿಗೂ ಮಿಕ್ಕಿ ಚೆಂಡು ಅವರ ಬಳಿಯೇ ಇತ್ತು. ಅಷ್ಟೆಲ್ಲ ಆಗಿಯೂ ಅವರ ಹೊಡೆತಗಳಲ್ಲಿ ಗೋಲಿನ ಚೌಕಟ್ಟಿನೊಳಕ್ಕೆ ಹೋದದ್ದು ಒಂದೇ ಒಂದು ಎಂದು ಪಂದ್ಯದ ವರದಿಗಳು ಎಣಿಸಿದವು. ಗೋಲಿಲ್ಲದೆ ಮುಗಿದ ಆಟ ಪೆನಾಲ್ಟಿ ಶೂಟೌಟ್‌ಗೆ ಹೋಯಿತು. ಅಲ್ಲಿ ಸರಾಬಿಯಾ ಹೊಡೆದ ಚೆಂಡು ಕಂಬಕ್ಕೆ ಬಡಿಯಿತು, ಸೋಲೆರ್ ಮತ್ತು ಬುಸ್ಕೆಟ್ಸ್ ಹೊಡೆದವುಗಳನ್ನು ಗೋಲ್‌ಕೀಪರ್ ಯಾಸೀನ್ ಬೂನೂ ತಡೆದರು, ಮೊರಾಕ್ಕೊ 3-0ಯಿಂದ ಗೆದ್ದಿತು.

ಇಂಥ ಗೆಲುವನ್ನು ಕಂಡಾಗ ‘ಗೋಲಿನ ಮುಂದೆ ಬಸ್ ನಿಲ್ಲಿಸಿ ಗೆದ್ದರು’ ಎಂಬ ಕುಹಕದ ಮಾತು ಫುಟ್‌ಬಾಲ್ ಜಗತ್ತಿನಲ್ಲಿ ಬೇಗ ಹುಟ್ಟುತ್ತದೆ. ಆದರೆ ನಿಂತ ಬಸ್ಸು ಚಲಿಸುವುದಿಲ್ಲ. ಮೊರಾಕ್ಕೊದ ಹತ್ತು ಆಟಗಾರರು ಆ ಸಂಜೆ ಒಂದು ನಿಮಿಷವೂ ಸುಮ್ಮನೆ ನಿಂತಿರಲಿಲ್ಲ. ಚೆಂಡು ಬಲಕ್ಕೆ ಸರಿದರೆ ಹತ್ತೂ ಮಂದಿ ಬಲಕ್ಕೆ, ಎಡಕ್ಕೆ ಸರಿದರೆ ಎಡಕ್ಕೆ, ಹಿಂದಕ್ಕೆ ಹೋದರೆ ನಾಲ್ಕು ಹೆಜ್ಜೆ ಮುಂದಕ್ಕೆ, ಹೀಗೆ ಒಂದೇ ಬಟ್ಟೆಯ ಎಳೆಗಳಂತೆ ಅವರು ಸರಿಯುತ್ತಿದ್ದರು. ರಕ್ಷಣೆಯ ಆಟವೆಂದರೆ ಆಡದೆ ಇರುವುದು ಎಂಬ ತಿಳಿವಳಿಕೆ ತಪ್ಪಾಗುವುದು ಇಲ್ಲಿಯೇ. ಚೆಂಡನ್ನು ಎದುರಾಳಿಗೆ ಬಿಟ್ಟು ಜಾಗವನ್ನು ತನ್ನ ಹಿಡಿತದಲ್ಲಿಟ್ಟುಕೊಳ್ಳುವುದು ಈ ಆಟದ ಮೊದಲ ಅರ್ಧ. ಎದುರಾಳಿಗಳು ಮುಂದೆ ಬಂದು ತಮ್ಮ ಹಿಂದೆ ಖಾಲಿ ಬಿಟ್ಟ ಜಾಗಕ್ಕೆ ಕ್ಷಣಾರ್ಧದಲ್ಲಿ ನುಗ್ಗುವುದು ಇನ್ನೊಂದು ಅರ್ಧ. ಎರಡನ್ನೂ ಬೇರೆ ಬೇರೆಯಾಗಿ ನೋಡಿದರೆ ಎರಡೂ ಅರ್ಥವಾಗುವುದಿಲ್ಲ.

ಮೊದಲು ಜಾಗದ ಲೆಕ್ಕವನ್ನು ನೋಡೋಣ. ವಿಶ್ವಕಪ್ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ ಇರುತ್ತದೆ. ಗೋಲ್‌ಕೀಪರ್‌ನನ್ನು ಬಿಟ್ಟರೆ ಉಳಿಯುವ ಹತ್ತು ಮಂದಿ ಇಷ್ಟು ವಿಸ್ತಾರವನ್ನು ಕಾಯುವುದು ಸಾಧ್ಯವೇ ಇಲ್ಲ. ಆದ್ದರಿಂದ ಯಾವ ಜಾಗವನ್ನು ಕಾಯಬೇಕು ಎನ್ನುವುದಕ್ಕಿಂತ ಯಾವ ಜಾಗವನ್ನು ಧೈರ್ಯವಾಗಿ ಬಿಟ್ಟುಕೊಡಬಹುದು ಎನ್ನುವುದೇ ತರಬೇತುದಾರನ ಮುಂದಿರುವ ನಿಜವಾದ ಪ್ರಶ್ನೆ. ಎಲ್ಲ ಜಾಗಗಳೂ ಸಮಾನವಾಗಿ ಅಪಾಯಕಾರಿಯಲ್ಲ. ಪೆನಾಲ್ಟಿ ಆವರಣದ ಎದುರಿನ ನಡುಭಾಗದಲ್ಲಿ ಎದುರಾಳಿಯೊಬ್ಬ ಗೋಲಿಗೆ ಮುಖ ಮಾಡಿ ನಿಂತು ಚೆಂಡು ಪಡೆದರೆ ಅವನಿಗೆ ಹೊಡೆಯುವ, ಎಡಕ್ಕೋ ಬಲಕ್ಕೋ ಕೊಡುವ, ಡಿಫೆಂಡರ್‌ಗಳ ಬೆನ್ನ ಹಿಂದಕ್ಕೆ ತೂರಿಸುವ ಎಲ್ಲ ದಾರಿಗಳೂ ತೆರೆದಿರುತ್ತವೆ. ಅದೇ ಆಟಗಾರ ಅಂಚಿನ ಗೆರೆಯ ಪಕ್ಕದಲ್ಲಿದ್ದರೆ ಒಂದು ಬದಿಯನ್ನು ಗೆರೆಯೇ ಕಾಯುತ್ತದೆ. ಗೋಲು ದೂರ, ಕೋನ ಕಿರಿದು, ಉಳಿಯುವುದು ಬಹುಮಟ್ಟಿಗೆ ಕ್ರಾಸ್ (ಅಂಚಿನಿಂದ ಗೋಲಿನ ಮುಂದಕ್ಕೆ ಚೆಂಡು ಕಳುಹಿಸುವುದು) ಒಂದೇ. ಹಾಗಾಗಿ ರಕ್ಷಣಾತ್ಮಕ ತಂಡ ನಡುಭಾಗವನ್ನು ಮುಚ್ಚಿ ಅಂಚುಗಳನ್ನು ತೆರೆದಿಡುತ್ತದೆ. ಎದುರಾಳಿಯು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಎತ್ತರದ ಚೆಂಡು ಕಳುಹಿಸಿದರೂ ಅದು ಗಾಳಿಯಲ್ಲಿ ತೇಲಿ ಬರುವ ಎರಡು ಮೂರು ಸೆಕೆಂಡುಗಳಲ್ಲಿ ಇಡೀ ಸಾಲು ಆ ಕಡೆಗೆ ಸರಿದು ನಿಂತಿರುತ್ತದೆ.

ಅಗಲದಷ್ಟೇ ಮುಖ್ಯವಾದದ್ದು ಸಾಲುಗಳ ನಡುವಿನ ಅಂತರ. ಹಿಂದಿನ ನಾಲ್ವರು ಡಿಫೆಂಡರ್‌ಗಳಿಗೂ ಅವರ ಮುಂದಿನ ಮಿಡ್‌ಫೀಲ್ಡರ್‌ಗಳ ಸಾಲಿಗೂ ನಡುವೆ ಇಪ್ಪತ್ತು ಮೀಟರ್ ಬಿರುಕು ಬಿಟ್ಟರೆ ಒಳ್ಳೆಯ ತಂಡಗಳು ಅದೇ ಬಿರುಕಿನಲ್ಲಿ ಮನೆ ಕಟ್ಟಿಕೊಳ್ಳುತ್ತವೆ. ಅಂತರ ಅದರ ಅರ್ಧಕ್ಕಿಳಿದರೆ ಅಲ್ಲಿ ಚೆಂಡು ಪಡೆದವನಿಗೆ ತಿರುಗಲೂ ಪುರುಸೊತ್ತಿರುವುದಿಲ್ಲ. ಇಡೀ ತಂಡ ಹೀಗೆ ಒತ್ತಾಗಿ ತನ್ನ ಗೋಲಿನ ಹತ್ತಿರ ನಿಲ್ಲುವುದನ್ನು ಲೋ ಬ್ಲಾಕ್ ಎನ್ನುತ್ತಾರೆ; ಅದೇ ರಚನೆ ಮೈದಾನದ ನಡುಗೆರೆಯ ಆಸುಪಾಸಿನಲ್ಲಿ ನಿಂತರೆ ಅದು ಮಿಡ್ ಬ್ಲಾಕ್. ಮೊರಾಕ್ಕೊ ಬಳಸಿದ್ದು ಇವೆರಡರ ನಡುವಿನ ಒಂದು ಪಾಕ. ನಾಲ್ವರು ಹಿಂದೆ, ಅವರ ಮುಂದೆ ಒಬ್ಬನೇ ಸೋಫಿಯಾನ್ ಅಮ್ರಾಬತ್, ಆತನ ಮುಂದೆ ಮತ್ತೆ ನಾಲ್ವರು, ತುದಿಯಲ್ಲಿ ಸ್ಟ್ರೈಕರ್ ಯೂಸುಫ್ ಎನ್-ನೆಸೀರಿ. ಈ ಸ್ಟ್ರೈಕರ್‌ಗೆ ಒಪ್ಪಿಸಿದ ಕೆಲಸ ಸ್ವಾರಸ್ಯಕರವಾದದ್ದು. ಆತ ಸ್ಪೇನ್‌ನ ಡಿಫೆಂಡರ್‌ಗಳ ಮೇಲೆ ಓಡಿ ಹೋಗುವ ಗೋಜಿಗೆ ಹೆಚ್ಚು ಹೋಗಲಿಲ್ಲ. ಅವರಿಂದ ಬುಸ್ಕೆಟ್ಸ್‌ಗೆ ಹೋಗುವ ದಾರಿಗೆ ಅಡ್ಡ ನಿಂತರು. ಆಗ ಸ್ಪೇನ್‌ನ ಆಟವೆಲ್ಲ ಕವಲೊಡೆಯುತ್ತಿದ್ದುದು ಬುಸ್ಕೆಟ್ಸ್‌ನಿಂದ. ಆ ಬೇರಿಗೇ ನೀರು ತಪ್ಪಿಸಿದಾಗ ಡಿಫೆಂಡರ್‌ಗಳು ತಮ್ಮ ತಮ್ಮಲ್ಲೇ ಚೆಂಡು ಹಂಚಿಕೊಳ್ಳಬೇಕಾಯಿತು. ಸಾವಿರ ಪಾಸ್‌ಗಳ ಲೆಕ್ಕದಲ್ಲಿ ದೊಡ್ಡ ಪಾಲು ಇಂಥ ನಿರುಪದ್ರವಿ ಪಾಸ್‌ಗಳದ್ದು.

ಯಾವಾಗ ನಿಲ್ಲಬೇಕು, ಯಾವಾಗ ಮೇಲೆ ಬೀಳಬೇಕು ಎಂಬುದಕ್ಕೆ ಮೊದಲೇ ಗೊತ್ತುಮಾಡಿದ ಸೂಚನೆಗಳಿರುತ್ತವೆ. ಎದುರಾಳಿ ಹಿಂದಕ್ಕೆ ಪಾಸ್ ಕೊಟ್ಟಾಗ, ಯಾರದಾದರೂ ಕಾಲಿಂದ ಚೆಂಡು ಒಂದು ಗೇಣು ಹೆಚ್ಚು ಪುಟಿದಾಗ, ಅಥವಾ ಫುಲ್‌ಬ್ಯಾಕ್ (ಅಂಚಿನ ಡಿಫೆಂಡರ್) ಒಬ್ಬ ತನ್ನದೇ ಗೋಲಿಗೆ ಮುಖ ಮಾಡಿ ಗೆರೆಯ ಪಕ್ಕದಲ್ಲಿ ಚೆಂಡು ಪಡೆದಾಗ ಕಾಯುವವರು ಒಮ್ಮೆಗೇ ಬೇಟೆಗಾರರಾಗುತ್ತಾರೆ. ಕಬಡ್ಡಿ ನೋಡಿ ಬೆಳೆದವರಿಗೆ ಇದು ಹೊಸದೆನಿಸಲಾರದು. ದಾಳಿಗಾರ ಗೆರೆ ದಾಟಿದ ಕೂಡಲೇ ಯಾರೂ ಮೇಲೆ ಬೀಳುವುದಿಲ್ಲ. ಆತ ಮೂಲೆಯವನತ್ತ ಕಾಲು ಚಾಚಿ ಮೈಭಾರವನ್ನೆಲ್ಲ ಒಂದೇ ಕಡೆಗೆ ವಾಲಿಸುವ ಗಳಿಗೆಗಾಗಿ ಕೈಕೈ ಹಿಡಿದ ಸರಪಳಿ ಕಾಯುತ್ತದೆ.

ಇಂಥ ಆಟ ಕ್ಲಬ್‌ಗಳಿಗಿಂತ ರಾಷ್ಟ್ರೀಯ ತಂಡಗಳಲ್ಲಿ ಹೆಚ್ಚು ಕಾಣುವುದಕ್ಕೆ ಸರಳವಾದ ಕಾರಣವೊಂದಿದೆ: ಸಮಯದ ಅಭಾವ. ಕ್ಲಬ್ ತರಬೇತುದಾರನಿಗೆ ಆಟಗಾರರು ವರ್ಷದ ಬಹುಪಾಲು ದಿನ ಸಿಗುತ್ತಾರೆ. ರಾಷ್ಟ್ರೀಯ ತಂಡದವನಿಗೆ ಸಿಗುವುದು ವರ್ಷದಲ್ಲಿ ಕೆಲವು ವಾರಗಳು, ಅದೂ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಪಾಠ ಕಲಿತು ದಣಿದು ಬಂದವರು. ಒಬ್ಬ ಓಡುವ ಮೊದಲೇ ಇನ್ನೊಬ್ಬ ಅವನ ಮನಸ್ಸನ್ನರಿತು ಚೆಂಡು ಬಿಡುವಂಥ ದಾಳಿಯ ಹೊಂದಾಣಿಕೆ ವರ್ಷಗಳ ಒಡನಾಟದಿಂದ ಬರುವಂಥದ್ದು. ಎಲ್ಲಿ ನಿಲ್ಲಬೇಕು, ಯಾರಿಗೆ ಬೆಂಬಲವಾಗಿ ಸರಿಯಬೇಕು ಎನ್ನುವುದನ್ನು ಕೆಲವೇ ದಿನಗಳ ಅಭ್ಯಾಸದಲ್ಲಿ ಕಲಿಸಬಹುದು. ಮೊರಾಕ್ಕೊದ ತರಬೇತುದಾರ ವಾಲಿದ್ ರೆಗ್ರಾಗಿ ತಂಡದ ಹೊಣೆ ಹೊತ್ತದ್ದು 2022ರ ಆಗಸ್ಟ್ ಕೊನೆಯಲ್ಲಿ. ವಿಶ್ವಕಪ್ ಆರಂಭಕ್ಕೆ ಮೂರು ತಿಂಗಳೂ ಇರಲಿಲ್ಲ. ಅದೇ ತಂಡ ಸೆಮಿಫೈನಲ್ ತಲುಪುವವರೆಗೆ ಬಿಟ್ಟುಕೊಟ್ಟದ್ದು ಒಂದೇ ಗೋಲು, ಅದೂ ಕೆನಡಾ ವಿರುದ್ಧ ತನ್ನದೇ ಡಿಫೆಂಡರ್ ನಾಯೆಫ್ ಅಗೆರ್ದ್ ಕಾಲಿಗೆ ತಗಲಿ ಒಳಹೋದದ್ದು.

ಪಾಸ್‌ಗಳ ಆಟಕ್ಕೆ ಹೆಸರಾದ 2010ರ ಸ್ಪೇನ್ ಈ ಮಾತಿಗೆ ಅಪವಾದವಲ್ಲವೇ ಎಂದು ಕೇಳಬಹುದು. ಆ ವರ್ಷದ ಫೈನಲ್ ಆರಂಭಿಸಿದ ಹನ್ನೊಂದು ಮಂದಿಯಲ್ಲಿ ಆರು ಮಂದಿ ಬಾರ್ಸಿಲೋನಾ ಕ್ಲಬ್ಬಿನಲ್ಲಿ ಒಟ್ಟಿಗೆ ಆಡಿದವರು, ಏಳನೆಯವನಾದ ಡೇವಿಡ್ ವಿಯಾ ಆಗಲೇ ಆ ಕ್ಲಬ್ಬಿಗೆ ಸಹಿ ಹಾಕಿದ್ದವನು. ಎಂದರೆ ರಾಷ್ಟ್ರೀಯ ತಂಡಕ್ಕೆ ಕ್ಲಬ್ಬಿನ ಒಡನಾಟ ಪುಕ್ಕಟೆಯಾಗಿ ಸಿಕ್ಕಿತ್ತು. ಆ ತಂಡ ನಾಕೌಟ್ ಹಂತದ ನಾಲ್ಕೂ ಪಂದ್ಯಗಳನ್ನು 1-0ಯಿಂದಲೇ ಗೆದ್ದಿತು ಎಂಬುದನ್ನೂ ಮರೆಯಬಾರದು. ಚೆಂಡನ್ನು ಎದುರಾಳಿಗೆ ಕೊಡದಿರುವುದೂ ಒಂದು ಬಗೆಯ ರಕ್ಷಣೆಯೇ, ನೋಡಲು ಚೆಂದವಿದ್ದುದರಿಂದ ಅದಕ್ಕೆ ಬೇರೆ ಹೆಸರು ಬಂತು ಎಂದು ನನಗೆ ಅನ್ನಿಸುವುದುಂಟು.

ಈ ವಿದ್ಯೆ ಹಳೆಯದು. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ತರಬೇತುದಾರನಾಗಿದ್ದ ಕಾರ್ಲ್ ರಪ್ಪಾನ್, ತನ್ನ ಡಿಫೆಂಡರ್‌ಗಳ ಬೆನ್ನಿಗೆ ನಿರ್ದಿಷ್ಟವಾಗಿ ಯಾರನ್ನೂ ಕಾಯುವ ಹೊಣೆಯಿಲ್ಲದ ಒಬ್ಬ ಆಟಗಾರನನ್ನು ನಿಲ್ಲಿಸಿ, ಯಾರಾದರೂ ತಪ್ಪಿಸಿಕೊಂಡು ಬಂದರೆ ತಡೆಯುವ ವ್ಯವಸ್ಥೆ ಮಾಡಿದರು. ಅದಕ್ಕೆ ಫ್ರೆಂಚ್ ಭಾಷೆಯಲ್ಲಿ ಅಗುಳಿ ಎಂಬ ಅರ್ಥದ ‘ವೆರು’ ಎಂಬ ಹೆಸರು ಬಂತು; ಮುಂದೆ ಇಟಲಿಯಲ್ಲಿ ಬೆಳೆದ ‘ಕತೆನಾಚ್ಚೊ’ ಎಂಬ ರಕ್ಷಣಾ ಪದ್ಧತಿಯ ಹೆಸರಿನ ಅರ್ಥವೂ ಅದೇ. ಆ ಅಗುಳಿಯ ಬಲದಿಂದ ಪುಟ್ಟ ಸ್ವಿಟ್ಜರ್ಲೆಂಡ್ 1938ರ ವಿಶ್ವಕಪ್ಪಿನಲ್ಲಿ ಜರ್ಮನಿಯನ್ನು ಮರುಪಂದ್ಯದಲ್ಲಿ 4-2ರಿಂದ ಮನೆಗೆ ಕಳುಹಿಸಿತು. 2004ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಓಟ್ಟೊ ರೆಹಾಗೆಲ್ ತರಬೇತಿಯ ಗ್ರೀಸ್, ಬಹುತೇಕರು ಮರೆತೇಬಿಟ್ಟಿದ್ದ ಒಬ್ಬನಿಗೊಬ್ಬನೆಂಬ ಕಾವಲನ್ನು ಮತ್ತೆ ತಂದು, ಫ್ರಾನ್ಸ್, ಚೆಕ್ ಗಣರಾಜ್ಯ ಮತ್ತು ಪೋರ್ಚುಗಲ್ ತಂಡಗಳನ್ನು ಸಾಲಾಗಿ 1-0ಯಿಂದ ಸೋಲಿಸಿ ಕಪ್ ಎತ್ತಿತು. ಮೂರೂ ಗೋಲುಗಳು ತಲೆಯಿಂದ ಬಂದವು.

ಈಗ ಎರಡನೆಯ ಅರ್ಧಕ್ಕೆ, ಪ್ರತಿದಾಳಿಗೆ ಬರೋಣ. ಚೆಂಡು ಹಿಡಿದು ಆಡುವ ತಂಡ ದಾಳಿ ಮಾಡಬೇಕಾದರೆ ಮೈದಾನದ ಅಗಲಕ್ಕೂ ಹರಡಿಕೊಳ್ಳಲೇಬೇಕು: ಫುಲ್‌ಬ್ಯಾಕ್‌ಗಳು ಮೇಲಕ್ಕೇರುತ್ತಾರೆ, ಮಿಡ್‌ಫೀಲ್ಡರ್‌ಗಳು ಎದುರಾಳಿಯ ಸಾಲುಗಳ ನಡುವೆ ನುಸುಳುತ್ತಾರೆ, ಹಿಂದೆ ಇಬ್ಬರೋ ಮೂವರೋ ಉಳಿಯುತ್ತಾರೆ. ಹೀಗೆ ಅದು ದಾಳಿಗೆ ಅತ್ಯಂತ ಸಜ್ಜಾಗಿರುವ ಕ್ಷಣವೇ ರಕ್ಷಣೆಗೆ ಅತ್ಯಂತ ಅಸಜ್ಜಾಗಿರುವ ಕ್ಷಣ. ಚೆಂಡು ಕೈತಪ್ಪಿದ ಮೇಲೆ ಅವರು ಮತ್ತೆ ಸ್ವಸ್ಥಾನಗಳಿಗೆ ಮರಳಲು ಕೆಲವು ಸೆಕೆಂಡುಗಳು ಬೇಕು. ಪ್ರತಿದಾಳಿಯ ಆಯುಷ್ಯವೂ ಅಷ್ಟೇ. ಆದ್ದರಿಂದ ಚೆಂಡು ಕಸಿದವನ ಮೊದಲ ಪಾಸ್ ಮುಂದಕ್ಕೆ ಹೋಗುವುದೋ ಪಕ್ಕಕ್ಕೆ ಹೋಗುವುದೋ ಎಂಬುದರಲ್ಲೇ ಬಹುಮಟ್ಟಿಗೆ ತೀರ್ಪು ಅಡಗಿದೆ.

2018ರ ಜೂನ್ 17ರಂದು ಮಾಸ್ಕೊದಲ್ಲಿ ಮೆಕ್ಸಿಕೊ ಆಗಿನ ಚಾಂಪಿಯನ್ ಜರ್ಮನಿಯನ್ನು 1-0ಯಿಂದ ಸೋಲಿಸಿದ ಪಂದ್ಯ ಇದಕ್ಕೆ ಪಠ್ಯಪುಸ್ತಕದಂತಿದೆ. ಜರ್ಮನಿಯ ಬಲ ಫುಲ್‌ಬ್ಯಾಕ್ ಜೋಶುವಾ ಕಿಮ್ಮಿಶ್ ಅಂಚಿನ ದಾಳಿಗಾರನಾದ ವಿಂಗರ್‌ನಂತೆ ಮೇಲೇರಿ ಆಡುತ್ತಾನೆಂಬುದು ಮೆಕ್ಸಿಕೊದ ತರಬೇತುದಾರ ಹುವಾನ್ ಕಾರ್ಲೋಸ್ ಒಸೋರಿಯೊಗೆ ತಿಳಿದಿತ್ತು. ಕಿಮ್ಮಿಶ್ ಬಿಟ್ಟುಹೋಗುವ ಬದಿಯಲ್ಲೇ ತನ್ನ ಅತಿ ವೇಗದ ಆಟಗಾರ ಇರ್ವಿಂಗ್ ಲೊಝಾನೊನನ್ನು ನಿಲ್ಲಿಸಿದ್ದರು. 35ನೇ ನಿಮಿಷದಲ್ಲಿ ಚೆಂಡು ಸಿಕ್ಕ ಮೆಕ್ಸಿಕೊ ನಡುಭಾಗವನ್ನು ಕೆಲವೇ ಪಾಸ್‌ಗಳಲ್ಲಿ ದಾಟಿತು. ಪೆನಾಲ್ಟಿ ಆವರಣದಲ್ಲಿ ಲೊಝಾನೊಗೆ ಅಡ್ಡ ಬಂದವನು ಯಾವ ಡಿಫೆಂಡರೂ ಅಲ್ಲ, ಮೈದಾನದ ಅಷ್ಟುದ್ದ ಹಿಂದಕ್ಕೆ ಓಡಿ ಬಂದಿದ್ದ ಮೆಸುತ್ ಓಝಿಲ್. ಗೋಲು ಮಾಡಿಸುವುದಕ್ಕೆ ಹೆಸರಾದವನೊಬ್ಬ ಗೋಲು ತಡೆಯುವ ಕಟ್ಟಕಡೆಯ ಕಾವಲುಗಾರನಾಗಬೇಕಾಗಿ ಬಂದದ್ದೇ ಜರ್ಮನಿಯ ರಚನೆ ಎಷ್ಟು ಹರಿದುಹೋಗಿತ್ತು ಎಂಬುದನ್ನು ಹೇಳುತ್ತದೆ. ಲೊಝಾನೊ ಒಳಕ್ಕೆ ತಿರುಗಿ ಅವನನ್ನು ದಾಟಿ ಗೋಲು ಹೊಡೆದರು.

ಆದರೆ ಪ್ರತಿದಾಳಿಯ ಅಂಗರಚನೆಯನ್ನು ಬಿಡಿಸಿ ನೋಡಬೇಕಾದವರು ಅದೇ ವಿಶ್ವಕಪ್ಪಿನ ಇನ್ನೊಂದು ಗೋಲನ್ನು ನೋಡಬೇಕು. ಜುಲೈ 2ರಂದು ರೊಸ್ತೋವ್‌ನಲ್ಲಿ ಜಪಾನ್ ಎದುರು ಬೆಲ್ಜಿಯಂ 0-2ರಿಂದ ಹಿಂದೆ ಬಿದ್ದು, ಮತ್ತೆ 2-2ಕ್ಕೆ ತಂದಿತ್ತು. ಹೆಚ್ಚುವರಿಯಾಗಿ ಸೇರಿಸಿದ ನಿಮಿಷಗಳ ಕೊನೆಯಲ್ಲಿ ಜಪಾನ್‌ಗೆ ಕಾರ್ನರ್ (ಮೈದಾನದ ಮೂಲೆಯಿಂದ ಒದೆಯುವ ಅವಕಾಶ) ಸಿಕ್ಕಿತು. ಗೆಲುವಿನ ಆಸೆಯಿಂದ ಅವರು ಬೇಕಾದುದಕ್ಕಿಂತ ಹೆಚ್ಚು ಜನರನ್ನು ಮುಂದಕ್ಕೆ ಕಳುಹಿಸಿದರು. ಹೊಂಡಾ ಹೊಡೆದ ಕಾರ್ನರನ್ನು ಗೋಲ್‌ಕೀಪರ್ ಕೋರ್ತ್ವಾ ಕೈಯಲ್ಲಿ ಹಿಡಿದರು, ಒಂದು ಗಳಿಗೆಯೂ ತಡೆಯದೆ ಓಡುತ್ತಿದ್ದ ಕೆವಿನ್ ಡಿ ಬ್ರುಯ್ನ ದಾರಿಗೆ ಉರುಳಿಸಿದರು. ಡಿ ಬ್ರುಯ್ನ ನೇರವಾಗಿ ಮೈದಾನದ ನಡುವೆಯೇ ಓಡಿದರು. ನಡುವೆ ಓಡುವವನನ್ನು ತಡೆಯಲು ಬರುವವರು ಎರಡೂ ಬದಿಗಳನ್ನು ಖಾಲಿ ಬಿಡಬೇಕಾಗುತ್ತದೆ. ಈ ನಡುವೆ ರೊಮೆಲು ಲುಕಾಕು ಬಲಬದಿಯಿಂದ ಒಳಕ್ಕೆ ಓರೆಯಾಗಿ ಓಡಿ ಒಬ್ಬ ಡಿಫೆಂಡರ್‌ನನ್ನು ತನ್ನ ಜೊತೆಗೆ ಎಳೆದೊಯ್ದರು. ಆ ಬಲಬದಿಯ ಬಯಲಿಗೆ ಬಂದ ಥಾಮಸ್ ಮ್ಯೂನಿಯೆಗೆ ಚೆಂಡು ಸಿಕ್ಕಿತು, ಆತ ಅದನ್ನು ನೆಲಕ್ಕೆ ಹತ್ತಿ ಗೋಲಿನ ಮುಂದಕ್ಕೆ ಕಳುಹಿಸಿದರು. ಲುಕಾಕು ಹೊಡೆಯುವರೆಂದು ಎಲ್ಲರೂ ಎಣಿಸಿದ್ದಾಗ ಆತ ಚೆಂಡನ್ನು ಮುಟ್ಟದೆ ಬಿಟ್ಟರು. ಹಿಂದಿನಿಂದ ಬಂದ ನಾಸೆರ್ ಶಾದ್ಲಿ ಅದನ್ನು ಖಾಲಿ ಗೋಲಿಗೆ ತಳ್ಳಿದರು. ಗೋಲ್‌ಕೀಪರ್‌ನ ಕೈಯಿಂದ ಹೊರಟ ಚೆಂಡು ಇನ್ನೊಂದು ತುದಿಯ ಬಲೆ ಸೇರಲು ಹಿಡಿದದ್ದು ಹತ್ತು ಸೆಕೆಂಡಿನ ಆಸುಪಾಸು. ಲುಕಾಕು ಒಮ್ಮೆಯೂ ಚೆಂಡು ಮುಟ್ಟಲಿಲ್ಲ, ಆದರೂ ಆ ಗೋಲಿನಲ್ಲಿ ಅವರದೇ ಸಿಂಹಪಾಲು ಎಂಬುದು ನನ್ನ ಎಣಿಕೆ.

ಮುಂದಿನ ಸುತ್ತಿನಲ್ಲಿ ಬ್ರೆಜಿಲ್‌ಗೂ ಬೆಲ್ಜಿಯಂ ಇದೇ ರುಚಿ ತೋರಿಸಿತು: ಬ್ರೆಜಿಲ್‌ನ ಕಾರ್ನರ್ ವಿಫಲವಾದ ಕೂಡಲೇ ಲುಕಾಕು ತನ್ನ ಅರ್ಧದಿಂದ ಚೆಂಡು ಒಯ್ದು ಡಿ ಬ್ರುಯ್ನಗೆ ಕೊಟ್ಟರು, ಆತ ಗೋಲು ಹೊಡೆದರು. ಸೆಮಿಫೈನಲ್‌ನಲ್ಲಿ ಫ್ರಾನ್ಸ್ ಒಂದು ಕಾರ್ನರ್ ಗೋಲಿನಿಂದ ಮುನ್ನಡೆದು ಬಾಗಿಲು ಹಾಕಿಕೊಂಡು ಕುಳಿತಾಗ ಮಾತ್ರ ಅದೇ ಬೆಲ್ಜಿಯಂ ಪಾಳೆಯದಿಂದ ಇದು ಆಟವೇ ಅಲ್ಲ ಎಂಬ ದೂರು ಕೇಳಿಬಂತು. ಈ ವಿಷಯದಲ್ಲಿ ಫುಟ್‌ಬಾಲ್ ಜಗತ್ತಿನ ನೆನಪು ಬಹಳ ಚಿಕ್ಕದು.

ದಿದಿಯೆ ದೆಶಾಂ ತರಬೇತಿಯ ಆ ಫ್ರಾನ್ಸ್ ತಂಡ ನಮ್ಮ ಚರ್ಚೆಗೆ ಮುಖ್ಯ, ಏಕೆಂದರೆ ಬಡವರ ಆಯುಧವೆಂದು ಹೆಸರಾದುದನ್ನು ಅದು ಸಿರಿವಂತಿಕೆಯ ನಡುವೆ ಆರಿಸಿಕೊಂಡಿತು. ಫೈನಲ್‌ನಲ್ಲಿ ಕ್ರೊವೇಷ್ಯಾವನ್ನು 4-2ರಿಂದ ಸೋಲಿಸಿದಾಗ ಚೆಂಡು ಫ್ರಾನ್ಸ್ ಬಳಿ ಇದ್ದುದು ಶೇಕಡಾ 40ಕ್ಕೂ ಕಡಿಮೆ ಹೊತ್ತು. ಎಡಬದಿಯಲ್ಲಿ ವಿಂಗರ್ ಬದಲು ಬ್ಲೇಸ್ ಮತುಯಿದಿಯೆಂಬ ದುಡಿಮೆಗಾರ ಮಿಡ್‌ಫೀಲ್ಡರ್, ನಡುವೆ ಎನ್‌ಗೋಲೊ ಕಾಂಟೆ; ಇವರು ಹಿಂದಿನ ಮನೆಯನ್ನು ಕಾಯುತ್ತಿದ್ದುದರಿಂದ ಬಲಬದಿಯಲ್ಲಿ ಕಿಲಿಯನ್ ಎಂಬಾಪೆ ಓಟಕ್ಕೆ ಸಿದ್ಧನಾಗಿ ಕಾಯಬಹುದಿತ್ತು. ಸ್ಟ್ರೈಕರ್ ಒಲಿವಿಯೆ ಜಿರೂ ಇಡೀ ಟೂರ್ನಿಯಲ್ಲಿ ಗೋಲಿನ ಚೌಕಟ್ಟಿಗೆ ಒಂದು ಹೊಡೆತವನ್ನೂ ಕಳುಹಿಸದೆ ವಿಶ್ವಕಪ್ ಗೆದ್ದರು. ಅಂಕಿ ಅಂಶ ಮಾತ್ರ ನೋಡುವವರಿಗೆ ಇದು ನಗೆಪಾಟಲು. ಆದರೆ ಹಿಂದಿನಿಂದ ಬರುವ ಉದ್ದನೆಯ ಚೆಂಡನ್ನು ಎದೆಯಲ್ಲಿ ಇಳಿಸಿ, ಡಿಫೆಂಡರ್‌ನನ್ನು ಬೆನ್ನಲ್ಲೇ ತಡೆದು, ಓಡಿಬರುವವರಿಗೆ ಒಪ್ಪಿಸುವ ಒಬ್ಬನಿಲ್ಲದೆ ಪ್ರತಿದಾಳಿಗೆ ಮೊದಲ ಮೆಟ್ಟಿಲೇ ಇರುವುದಿಲ್ಲ.

ರಕ್ಷಣೆ ಎಂದರೆ ಗೋಲಿನ ಹತ್ತಿರ ಇರುವುದು ಎಂದೂ ಭಾವಿಸಬೇಕಿಲ್ಲ. 2022ರ ನವೆಂಬರ್ 22ರಂದು ಲುಸೈಲ್‌ನಲ್ಲಿ ಅರ್ಜೆಂಟೀನಾವನ್ನು 2-1ರಿಂದ ಸೋಲಿಸಿದ ಸೌದಿ ಅರೇಬಿಯಾ ಇದಕ್ಕೆ ತದ್ವಿರುದ್ಧವಾದುದನ್ನು ಮಾಡಿತು. ಅದರ ತರಬೇತುದಾರ ಎರ್ವೆ ರೆನಾರ್ ತಮ್ಮ ಡಿಫೆಂಡರ್‌ಗಳ ಸಾಲನ್ನು ನಡುಗೆರೆಯತ್ತ ತಂದು ನಿಲ್ಲಿಸಿದರು. ಆ ಸಾಲಿನ ಬೆನ್ನಿಗೆ ಎಕರೆಗಟ್ಟಲೆ ಬಯಲು. ಅದಕ್ಕೆ ಆಸೆಪಟ್ಟು ಅರ್ಜೆಂಟೀನಾದ ಆಟಗಾರರು ಕೂದಲೆಳೆಯಷ್ಟು ಮುಂಚೆಯೇ ಓಡಿ ಮೊದಲಾರ್ಧದಲ್ಲೇ ಏಳು ಬಾರಿ ಆಫ್‌ಸೈಡ್ ಆದರು (ಪಾಸ್ ಹೊರಡುವ ಮೊದಲೇ ಡಿಫೆಂಡರ್‌ಗಳ ಸಾಲು ದಾಟಿದರು), ಅವರ ಮೂರು ಗೋಲುಗಳು ರದ್ದಾದವು. ಇದು ಗರಗಸದ ಮೇಲಿನ ನಡಿಗೆ. ನಾಲ್ವರಲ್ಲಿ ಒಬ್ಬ ಅರ್ಧ ಹೆಜ್ಜೆ ಹಿಂದೆ ಉಳಿದರೂ ಕಥೆ ಮುಗಿಯುತ್ತದೆ.

ಎಲ್ಲ ಲೋ ಬ್ಲಾಕ್‌ಗಳೂ ಒಂದೇ ಗುಣಮಟ್ಟದವಲ್ಲ. ಎದುರಾಳಿ ದೂರದಿಂದ, ಕಿರಿದಾದ ಕೋನದಿಂದ ಮಾತ್ರ ಹೊಡೆಯುವಂತೆ ಮಾಡುವುದು ಒಂದು ಬಗೆ. ಹೊಡೆತಗಳ ಮಳೆಯನ್ನೇ ಬರಗೊಟ್ಟು ಗೋಲ್‌ಕೀಪರ್‌ನನ್ನು ನಂಬುವುದು ಇನ್ನೊಂದು ಬಗೆ. 2019ರ ಸೆಪ್ಟೆಂಬರ್ 10ರಂದು ದೋಹಾದಲ್ಲಿ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಭಾರತ ಆಗಿನ ಏಷ್ಯಾ ಚಾಂಪಿಯನ್ ಕತಾರ್ ಜೊತೆ 0-0 ಡ್ರಾ ಮಾಡಿಕೊಂಡದ್ದು ಎರಡನೆಯ ಬಗೆಗೆ ಹತ್ತಿರವಾದದ್ದು. ನಾಯಕ ಸುನಿಲ್ ಛೆಟ್ರಿ ಜ್ವರದಿಂದ ಹೊರಗುಳಿದಿದ್ದ ಆ ರಾತ್ರಿ, ಅವರಂತೆಯೇ ಬೆಂಗಳೂರು ಎಫ್‌ಸಿಯ ಆಟಗಾರನಾದ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಒಂದರ ಮೇಲೊಂದರಂತೆ ಬಂದ ಹೊಡೆತಗಳನ್ನು ತಡೆದರು. ಆ ಡ್ರಾ ಸಂಭ್ರಮಕ್ಕೆ ಅರ್ಹವೇ ಆಗಿತ್ತು, ಆದರೆ ಅಂಥ ರಾತ್ರಿಗಳನ್ನು ಯೋಜನೆಯಾಗಿ ಬರೆದಿಡಲು ಬರುವುದಿಲ್ಲ.

ಈ ಪದ್ಧತಿಯ ನಿಜವಾದ ಮಿತಿ ಕಾಣುವುದು ಚೆಂಡು ಬೇಡವೆಂದರೂ ಕೈಗೆ ಬಂದಾಗ. 2022ರ ಜಪಾನ್ ಇದಕ್ಕೆ ಅಚ್ಚರಿಯ ಉದಾಹರಣೆ. ಹಾಜಿಮೆ ಮೊರಿಯಾಸು ತರಬೇತಿಯ ಆ ತಂಡ ಜರ್ಮನಿಯೆದುರು ಮೊದಲಾರ್ಧದಲ್ಲಿ ಹಿಂದೆ ಬಿದ್ದು, ವಿರಾಮದ ನಂತರ ಹಿಂದಿನ ಸಾಲನ್ನು ಬದಲಾಯಿಸಿಕೊಂಡು, ಬದಲಿ ಆಟಗಾರರಾದ ದೋಆನ್ ಮತ್ತು ಅಸಾನೊ ಅವರ ಗೋಲುಗಳಿಂದ 2-1ರಿಂದ ಗೆದ್ದಿತು. ಸ್ಪೇನ್ ವಿರುದ್ಧವೂ ಅದೇ 2-1, ಅದೂ ಚೆಂಡನ್ನು ಶೇಕಡಾ 18ರಷ್ಟೂ ಹೊತ್ತು ಇಟ್ಟುಕೊಳ್ಳದೆ. ಈ ಎರಡು ಗೆಲುವುಗಳ ನಡುವೆ ಅದು ಆಡಿದ್ದು ಕೋಸ್ಟರಿಕಾ ವಿರುದ್ಧ, ಹಿಂದಿನ ಪಂದ್ಯದಲ್ಲಿ ಸ್ಪೇನ್‌ಗೆ 0-7ರಿಂದ ಸೋತುಬಂದಿದ್ದ ತಂಡದ ಎದುರು. ಈ ಬಾರಿ ಹಿಂದೆ ಸರಿದು ನಿಂತವರು ಕೋಸ್ಟರಿಕಾದವರು. ಎದುರಿಗೆ ಬಯಲಿಲ್ಲ, ಬೆನ್ನಟ್ಟಿ ಬರುವ ಎದುರಾಳಿಯಿಲ್ಲ. ಒತ್ತಾಗಿ ನಿಂತ ಸಾಲುಗಳನ್ನು ತಾಳ್ಮೆಯಿಂದ ಬಿಡಿಸುವ ಕೆಲಸ ಜಪಾನ್‌ನ ಪಾಲಿಗೆ ಬಂತು, ಅದು ಅವರಿಂದ ಆಗಲಿಲ್ಲ. 81ನೇ ನಿಮಿಷದಲ್ಲಿ ಕೀಷರ್ ಫುಲ್ಲರ್ ಹೊಡೆದ ಗೋಲಿನಿಂದ ಕೋಸ್ಟರಿಕಾ ಗೆದ್ದಿತು.

ಮೊರಾಕ್ಕೊಗೂ ಆದದ್ದು ಇದೇ. ಕ್ವಾರ್ಟರ್ ಫೈನಲ್‌ನಲ್ಲಿ ಪೋರ್ಚುಗಲ್ ಎದುರು ಎನ್-ನೆಸೀರಿ 42ನೇ ನಿಮಿಷದಲ್ಲಿ ಗೋಲ್‌ಕೀಪರ್‌ನ ಕೈಗಿಂತ ಎತ್ತರಕ್ಕೆ ಜಿಗಿದು ತಲೆಯಿಂದ ಹೊಡೆದ ಗೋಲನ್ನು ಕಾಯ್ದುಕೊಂಡು ಅದು ವಿಶ್ವಕಪ್ ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್ ತಂಡವಾಯಿತು. ಕಾಯುವವನಿಗೆ ಕಾಯಲು ಏನಾದರೂ ಇರಬೇಕು. ಡಿಸೆಂಬರ್ 14ರ ಸೆಮಿಫೈನಲ್‌ನಲ್ಲಿ ಫ್ರಾನ್ಸ್‌ನ ಥಿಯೊ ಹೆರ್ನಾಂದೆಸ್ ಐದನೇ ನಿಮಿಷದಲ್ಲೇ ಗೋಲು ಹೊಡೆದಾಗ ಆ ಆಧಾರ ತಪ್ಪಿಹೋಯಿತು. ಪಂದ್ಯಕ್ಕೆ ಮುನ್ನ ಮೈ ಕಾಯಿಸಿಕೊಳ್ಳುವಾಗಲೇ ಅಗೆರ್ದ್ ಹೊರಗುಳಿದಿದ್ದರು, ನಾಯಕ ರೊಮೇನ್ ಸಾಯಿಸ್ 21ನೇ ನಿಮಿಷದಲ್ಲಿ ನೋವಿನಿಂದ ಹೊರನಡೆದರು. ಮೊರಾಕ್ಕೊ ಮುಂದೇರಿತು, ಚೆನ್ನಾಗಿಯೇ ಆಡಿತು. ಔನಾಹಿ ಮತ್ತು ಅಮ್ರಾಬತ್ ಫ್ರಾನ್ಸ್‌ನ ನಡುಭಾಗವನ್ನು ಎಷ್ಟೋ ಹೊತ್ತು ತಮ್ಮದಾಗಿಸಿಕೊಂಡರು. ಫ್ರಾನ್ಸ್ ಹಿಂದೆ ಸರಿದು ಕಾಯಿತು. 79ನೇ ನಿಮಿಷದಲ್ಲಿ ಬದಲಿ ಆಟಗಾರನಾಗಿ ಆಗಷ್ಟೇ ಒಳಬಂದಿದ್ದ ರಾಂದಾಲ್ ಕೊಲೊ ಮುವಾನಿ ಎರಡನೆಯ ಗೋಲನ್ನು ಒಳಸೇರಿಸಿದರು. ಆ ರಾತ್ರಿ ಹೆಚ್ಚು ಹೊತ್ತು ಚೆಂಡು ಇದ್ದುದು ಮೊರಾಕ್ಕೊ ಬಳಿ.